ಬೇಗ ಏರಿದ ಗೆರೆ

ಮಾರ್ಚ್ 4
ಬೆಳಿಗ್ಗೆ ಹಿನ್ನೀರಿನಲ್ಲಿ ಸಾಕಿದ ಸಿಂಪಿಗಳ ಬುಟ್ಟಿಗಳನ್ನು ಮಗುಚಿ ಹಾಕಿದೆವು. ಸೊಂಟ ಹಿಡಿದುಕೊಂಡಿದೆ. ಮಧ್ಯಾಹ್ನ ಲ್ಯಾಬಿನ ಹುಡುಗಿಯ ಫೋನ್ — ನಮ್ಮ ಸ್ಯಾಂಪಲ್ ಪಾಸಿಟಿವ್. ಮನುಷ್ಯರ ವಾಂತಿ-ಭೇದಿಯ ವೈರಸ್ಸಂತೆ. ಹೊಲಸಿನ ಜೊತೆ ನೀರಿಗಿಳಿದು ಸಿಂಪಿಯ ಹೊಟ್ಟೆಯಲ್ಲಿ ಕೂತಿದೆ. ಹಸಿಯಾಗಿ ತಿಂದವರು ಹಾಸಿಗೆ ಹಿಡಿಯುತ್ತಾರೆ. ಮಾರಾಟ ಬಂದ್. ಮುಂದಿನ ಟೆಸ್ಟಿನಲ್ಲೂ ಸಿಕ್ಕರೆ ಈ ಹಿನ್ನೀರಿನ ಎಲ್ಲರ ಸಾಕಣೆಗೂ ಬೀಗ.
ಬುಟ್ಟಿಗಳ ಪಕ್ಕದ ತೆಪ್ಪದ ಮೇಲಿನ ಕಾವಲು ಗುಡಿಸಲಲ್ಲಿರುವವನು ನನ್ನ ತಮ್ಮ. ಹೋದ ವಾರ ಅವನಿಗೆ ಹೊಟ್ಟೆ ಕೆಟ್ಟಿತ್ತು... ಅಲ್ಲಿ ಕಕ್ಕಸೆಂದರೆ ಹಲಗೆಯಲ್ಲೊಂದು ತೂತು, ಕೆಳಗೆ ನೀರು.

ಮಾರ್ಚ್ 5
ದೋಣಿಯಲ್ಲಿ ಹೋಗಿ ತಮ್ಮನಿಗೆ ಹೇಳಿದೆ. ನಕ್ಕ. "ನನ್ನ ಹೊಟ್ಟೆ ಸುದ್ದಿ ಲ್ಯಾಬಿನ ಮೆಷಿನ್‌ವರೆಗೂ ಹೋಯ್ತಾ ಅಕ್ಕಾ?" ಆಮೇಲೆ ಮುಖ ಸಣ್ಣದಾಯಿತು. ಹೆಂಡತಿ ತೀರಿಕೊಂಡ ಮೇಲೆ ದಡದಲ್ಲಿ ಮಲಗಿದವನೇ ಅಲ್ಲ. ಪಕ್ಕದ ಸಾಕಣೆಯ ಬೋಳುತಲೆಯವನು ಗುಡಿಸಲು ಕಿತ್ತು ಹಾಕಿ ಎನ್ನುತ್ತಿದ್ದಾನೆ. ಮುಂದಿನ ಟೆಸ್ಟ್ ಸರಿ ಬಂದರೆ ಉಳಿಸಿಕೊಡುತ್ತೇನೆಂದು ಮಾತು ಕೊಟ್ಟೆ. ಅಲ್ಲಿಯವರೆಗೆ ನಮ್ಮಲ್ಲಿರಲಿ ಎಂದು ಕೈ ಹಿಡಿದು ಕರೆತಂದೆ. ಹಿಂದಿನ ಕೋಣೆ ಕೊಟ್ಟೆ.

ಮಾರ್ಚ್ 11
ಮೊಮ್ಮಗಳಿಗೆ ವಾಂತಿ. ಸೊಸೆಗೂ. ಬಕೆಟ್ಟು, ಬ್ಲೀಚಿಂಗ್ ಪೌಡರು, ನಾನು. ಸೊಸೆ ಹಿಂದಿನ ಕೋಣೆಯ ಕಡೆ ನೋಡಿದಳು, ಅಷ್ಟೆ.

ಮಾರ್ಚ್ 24
ಮಗನಿಗೂ ನನಗೂ ಅದೇ ವಾಂತಿ-ಭೇದಿ ಬಂತು; ಮಲಗಿ ಎದ್ದೆವು. ಇವತ್ತೇ ಪೆನ್ನು ಹಿಡಿದದ್ದು. ಲ್ಯಾಬಿನ ಹುಡುಗಿ ಮತ್ತೆ ಸಿಂಪಿ ಒಯ್ದಳು. ಹೊಟ್ಟೆಯ ಕಪ್ಪು ಭಾಗ ಕತ್ತರಿಸಿ ಅರೆಯುತ್ತಾರಂತೆ. ವೈರಸ್ಸಿನ ಚೂರು ಇದ್ದರೆ ಪಿಸಿಆರ್ ಮೆಷಿನ್ ಅದನ್ನೇ ನಕಲು ಮಾಡುತ್ತಾ ಹೋಗುತ್ತದೆ; ಜಾಸ್ತಿ ಇದ್ದಷ್ಟೂ ಪರದೆಯ ಮೇಲೆ ಗೆರೆ ಬೇಗ ಏರುತ್ತದೆ. ತಮ್ಮ ಎರಡೆರಡು ಸಲ ಕೇಳಿಸಿಕೊಂಡ.

ಮಾರ್ಚ್ 26
ಗೆರೆ ಮೊದಲಿಗಿಂತ ಬೇಗ ಏರಿದೆ.
ಗುಡಿಸಲು ಖಾಲಿಯಿತ್ತಲ್ಲ ಎಂದೆ. ಹುಡುಗಿ ಕೇಳಿದಳು: "ಅಜ್ಜೀ, ನಿಮ್ಮನೆ ಕಕ್ಕಸಿನ ಪೈಪು ಎಲ್ಲಿಗೆ ಹೋಗುತ್ತೆ?"
ಕಕ್ಕಸಿನ ಗುಂಡಿ ತುಂಬಿದಾಗ ಮಗ ಪೈಪನ್ನು ಹಿನ್ನೀರಿಗೇ ತಿರುಗಿಸಿದ್ದ. ಗೊತ್ತಿಲ್ಲಮ್ಮ ಎಂದುಬಿಟ್ಟೆ. ಒಬ್ಬನ ಹೊಲಸನ್ನು ತಪ್ಪಿಸಲು ಹೋಗಿ ಇಡೀ ಮನೆಯದನ್ನು ನೀರಿಗೆ ಬಿಟ್ಟಿದ್ದೇನೆ.

ಅದೇ ದಿನ, ಸಂಜೆ
ಬೀಗ ಬಿದ್ದ ಸಾಕಣೆಯವರೆಲ್ಲ ನಮ್ಮ ಅಂಗಳದಲ್ಲಿ. ತಮ್ಮ ಕದ್ದು ತೆಪ್ಪಕ್ಕೆ ಹೋಗಿ ಬರುತ್ತಿದ್ದ ಎಂದು ಬೋಳುತಲೆಯವನು ಕೂಗುತ್ತಿದ್ದಾನೆ. ಪೈಪಿನ ವಿಷಯ ತಮ್ಮನಿಗೆ ಹೇಳಿದೆ. "ನೀನು ಸುಮ್ನಿರು ಅಕ್ಕಾ. ನೀನಿನ್ನೂ ಇಲ್ಲೇ ಬಾಳಬೇಕು" ಎಂದು ಹೊರಗೆ ಹೋದ. ದನಿ ಕೇಳುತ್ತಿದೆ — ಹೌದು, ನಾನೇ ಹೋಗ್ತಿದ್ದೆ ಎಂದು ಮಾಡದ್ದನ್ನು ಒಪ್ಪಿಕೊಳ್ಳುತ್ತಿದ್ದಾನೆ.
ಎದ್ದು ಹೇಳಬೇಕು. ಸೊಸೆ ಮಗುವನ್ನೆತ್ತಿಕೊಂಡು ಬಾಗಿಲಿಗೆ ಅಡ್ಡ ನಿಂತಿದ್ದಾಳೆ. ನಾನು ಇನ್ನೂ ಬರೆಯುತ್ತಲೇ ಕೂತಿದ್ದೇನೆ.