ಜಾಲರಿ ಮುಚ್ಚಿದ ಹಾರ

ತಿಳವಳ್ಳಿ
೧೪ ಡಿಸೆಂಬರ್ ೨೦೨೫

ಪ್ರೀತಿಯ ಗೆಳೆಯ ನಯೀಮನಿಗೆ,

ನಿನ್ನ ಸುಭಾಸನ ನಮಸ್ಕಾರ. ನೀನು ನಾಲ್ಕು ಸಲ ಫೋನ್ ಮಾಡಿದೆ, ನಾನು ಎತ್ತಲಿಲ್ಲ. ಸಿಟ್ಟಿಗಲ್ಲ, ನಿನ್ನ ಜೊತೆ ಮಾತಾಡುವ ಮುಖವಿರಲಿಲ್ಲ. ಕಾಗದವಾದರೆ ನೀನು ನಡುವೆ ಬಾಯಿ ಹಾಕುವ ಹಾಗಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ದಮ್ಮಾಮಿನಲ್ಲಿ ಈಗಲಾದರೂ ಬಿಸಿಲು ಇಳಿದಿದೆಯೇ?

ಗಾಡಿ ಮನೆಯ ಮುಂದೆ ನಿಂತು ಎರಡು ತಿಂಗಳು ದಾಟಿತು. ಎಂಜಿನ್ ಚಾಲೂ ಆಗುತ್ತದೆ, ಗಾಲಿ ಅಲ್ಲಾಡುವುದಿಲ್ಲ. ಹುಬ್ಬಳ್ಳಿಯ ಮೇಸ್ತ್ರಿ ಬಂದು ಗೇರ್‌ಬಾಕ್ಸಿನ ಎಣ್ಣೆ ಇಳಿಸಿದ. ಕರ್ರಗಿತ್ತು, ಸುಟ್ಟ ವಾಸನೆ. "ಎಂಜಿನ್ನಿನ ಜೋರು ಗಾಲಿಗೆ ಮುಟ್ಟಿಸೋ ಟಾರ್ಕ್ ಕನ್ವರ್ಟರ್ ಸುಟ್ಟು ಅದರ ಪುಡಿ ಗೇರ್‌ಬಾಕ್ಸ್ ತುಂಬೆಲ್ಲಾ ಅಡ್ಡಾಡೈತ್ರಿ. ಇದನ್ನ ಮರತ ಬಿಡ್ರಿ" ಎಂದ. ಎಡಗಡೆ ಕೃತಕ ಕಾಲು ಕಟ್ಟಿಕೊಳ್ಳುವ ನಾನು ಕ್ಲಚ್ ತುಳಿಯಲಾರೆ ಎಂದು ನೀನೇ ಹುಡುಕಿ ಕೊಡಿಸಿದ ಆಟೋಮ್ಯಾಟಿಕ್ ಪಿಕಪ್ ಅದು. ಅದಿಲ್ಲದ ಮೇಲೆ ನಾನು ಡ್ರೈವರನೇ ಅಲ್ಲ. ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತು ಮಂದಿಯ ಗಾಡಿ ನೋಡುತ್ತೇನೆ.

ದುಡಿಯಲು ಆ ಪರದೇಶಕ್ಕೆ ಹೋಗುವ ಮುಂಚೆ ನೀನು ಸವಣೂರಿನ ನಿಮ್ಮ ಗ್ಯಾರೇಜಿನಲ್ಲಿ ಮೂರು ದಿನ ಆ ಗಾಡಿಯ ಕೆಳಗೇ ಬಿದ್ದಿದ್ದೆ. ಹಳೆಯ ಕನ್ವರ್ಟರ್ ತೆಗೆದು ಗಟ್ಟಿಯದನ್ನು ಕೂರಿಸಿದೆ. ಎಣ್ಣೆ ತಣಿಸಲು ಮುಂದಿನ ಜಾಲರಿಯ ಹಿಂದೆ ಇನ್ನೊಂದು ಕೂಲರ್ ಹಾಕಿದೆ, ಬಿಸಿ ತೋರಿಸುವ ಮೀಟರನ್ನು ನನ್ನ ಕಣ್ಣೆದುರಿಗೇ ಇಟ್ಟೆ. "ಇದರ ಮೂಗ ಮುಚ್ಚಬ್ಯಾಡೋ, ಈ ಎಣ್ಣೀಗೂ ಗಾಳಿ ಬೇಕು. ಮುಳ್ಳ ಕೆಂಪ ಮುಟ್ಟಿತಂದ್ರ ಅಲ್ಲೇ ನಿಂದ್ರು" ಎಂದು ಹೇಳಿಯೂ ಹೇಳಿದೆ. ನಾನು ಸವಣೂರಿನ ಖಾರದ ಕುರುಕಲು ಮೆಲ್ಲುತ್ತ ತಲೆಯಾಡಿಸಿದೆ.

ಖಂಡೇನವಮಿಗೆ ಅವ್ವ ಗಾಡಿ ಪೂಜೆ ಮಾಡಿದಳು. ಬಂಪರಿಗೆ ಬಾಳೆಕಂಬ, ಜಾಲರಿ ತುಂಬ ಮಾವಿನ ಸೊಪ್ಪು, ಚೆಂಡುಹೂವಿನ ಹಾರ. ಒಂದು ಬೆರಳು ತೂರುವಷ್ಟೂ ಸಂದಿ ಬಿಟ್ಟಿರಲಿಲ್ಲ. ಬಿಚ್ಚಲು ಹೋದರೆ ಕೈ ಹಿಡಿದಳು. "ಬನ್ನಿ ಮುಡಿಯೂತನಕಾ ಬಿಚ್ಚಬಾರ್ದಪಾ. ನಿನ್ನ ಕಾಲು ಹೋತಲ್ಲ, ಆ ವರ್ಷ ಪೂಜಿ ತಪ್ಪಿಸಿದ್ವಿ, ನೆನಪೈತಿಲ್ಲೋ?" ಹಾರವನ್ನು ಹಾಗೇ ಬಿಟ್ಟೆ.

ಮರುದಿನ ಗೋವಿನಜೋಳದ ಚೀಲ ಹೇರಿಕೊಂಡು ಹಿರೇಕೆರೂರಿಗೆ ಹೊರಟೆ. ಸಂಜೆ ತವರಿನವರಿಗೆ ಬನ್ನಿ ಕೊಡಬೇಕೆಂದು ಅವ್ವನೂ ಪಕ್ಕದಲ್ಲಿ ಕೂತಳು. ದಾರಿಯುದ್ದಕ್ಕೂ ಹಾಡಿದಳು. ನನ್ನ ಕಾಲು ಹೋದಮೇಲೆ ಅವಳು ಹಾಡಿದ್ದು ಅದೇ ಮೊದಲು. ಮುಳ್ಳು ಕೆಂಪಿಗೆ ಬಂದದ್ದನ್ನು ನಾನು ನೋಡಿದೆ ನಯೀಮ. ನಿಲ್ಲಿಸಿದರೆ ಅವಳ ಕಣ್ಣೆದುರಿಗೇ ಹಾರ ಹರಿಯಬೇಕು. ಇನ್ನು ನಾಲ್ಕೇ ಕಿಲೋಮೀಟರ್ ಅಂದುಕೊಂಡೆ. ಎರಡು ಹೋಗುವಷ್ಟರಲ್ಲಿ ಎಂಜಿನ್ ಅರಚಿತು, ಗಾಡಿ ಮಾತ್ರ ಮುಂದೆ ಹೋಗಲಿಲ್ಲ.

ರಿಪೇರಿಯ ಸಾಮಾನು ಎಲ್ಲಿಯೂ ಸಿಗಲಿಲ್ಲ. ಗುಜರಿಯವನು ಎರಡು ಸಲ ಕೇಳಿ ಹೋದ, ಇನ್ನೊಮ್ಮೆ ಬಂದರೆ ಹೂಂ ಅನ್ನುತ್ತೇನೆ. ನೀನಿಟ್ಟ ಮೀಟರ್ ಮಾತ್ರ ಬಿಚ್ಚಿ ಟ್ರಂಕಿನಲ್ಲಿಟ್ಟಿದ್ದೇನೆ. ನಿನ್ನ ಕೆಲಸದಲ್ಲಿ ಕೂದಲೆಳೆಯಷ್ಟೂ ಕೊರತೆ ಇರಲಿಲ್ಲ.

ಬನ್ನಿಯ ಎರಡು ಎಲೆ ಈ ಕಾಗದದೊಳಗಿವೆ, ಒಣಗಿದರೂ ತೆಗೆದುಕೋ. ಆ ದೇವರು ನಿನ್ನ ಕೈಗಳನ್ನು ಚೆನ್ನಾಗಿಟ್ಟಿರಲಿ.

ನಿನ್ನ
ಸುಭಾಸ

ತಾ.ಕ.: ನಿನ್ನ ತಮ್ಮ ವಸೀಮ ಹೇಳಿರಬೇಕು, ಅದು ನಿಜ. ಗಾಡಿ ನಿಂತಾಗ ಅವ್ವ ಹೆದರಿ, "ನನ್ನ ಹಾರದಿಂದ ಏನರ ಆತೇನೋ?" ಎಂದು ಕೇಳಿದಳು. "ಇಲ್ಲಬೇ, ನಯೀಮ ಹಾಕಿದ ಕೂಲರಿನ ಪೈಪ್ ಸೋರೇತಿ" ಎಂದುಬಿಟ್ಟೆ. ಅವಳು ಊರಿಗೆಲ್ಲ ಹೇಳಿದಳು. ಈ ಕಡೆಯ ಗಾಡಿಗಳು ಈಗ ವಸೀಮ ನೋಡಿಕೊಳ್ಳುವ ನಿಮ್ಮ ಗ್ಯಾರೇಜಿಗೆ ಹೋಗುವುದು ನಿಂತಿತು. ಹೋದ ವಾರ ವಸೀಮ ಬಾಗಿಲಿಗೆ ಬಂದು, "ಒಂದ್ಸಲ ಪೈಪ್ ನೋಡ್ತೇನ್ರಿ ಅವ್ವಾರ" ಎಂದು ಬೇಡಿಕೊಂಡ. "ನಿಮ್ಮ ಕೈ ಹತ್ತಿದ್ದ ಸಾಕು, ಹೊಸ್ತಿಲಾ ತುಳೀಬ್ಯಾಡ" ಎಂದು ಅವ್ವ ಅವನನ್ನು ಅಟ್ಟಿದಳು. ಈಗಲೂ ಅವಳಿಗೆ ನಿಜ ಹೇಳುವ ಧೈರ್ಯ ನನಗಿಲ್ಲ. ವಸೀಮನನ್ನು ಅಟ್ಟುವಾಗ ನಾನು ಒಳಗೇ ಇದ್ದೆ. ಕಾಲು ಬಿಚ್ಚಿಟ್ಟಿದ್ದೆ, ಎದ್ದು ಬರಲಾಗಲಿಲ್ಲ ಎಂದು ಬರೆಯೋಣವೆಂದುಕೊಂಡಿದ್ದೆ. ಇಲ್ಲ ನಯೀಮ, ಕಾಲು ಕಟ್ಟಿಕೊಂಡೇ ಕೂತಿದ್ದೆ.