ಬೆಟ್ಟದೊಳಗೆ ಮಲಗಿದ್ದ ನಿನ್ನಮ್ಮ

ನೂಲುಂಡೆ,

ಈ ಮನೆಯಲ್ಲಿ ನಾನು ಯಾರ ಬಾಗಿಲನ್ನೂ ಎರಡನೇ ಸಲ ತಟ್ಟಿದವಳಲ್ಲ. ನಿನ್ನ ಬಾಗಿಲನ್ನು ಮೊನ್ನೆಯಿಂದ ತಟ್ಟುತ್ತಲೇ ಇದ್ದೇನೆ. ಇಟ್ಟ ಊಟ ಇಟ್ಟಲ್ಲೇ ಆರುತ್ತಿದೆ. ಅದಕ್ಕೇ ಈ ಕಾಗದವನ್ನು ಬಾಗಿಲ ಸಂದಿಯಲ್ಲಿ ತೂರಿಸುತ್ತಿದ್ದೇನೆ. ಓದು.

ಆ ಕಂಪ್ಯೂಟರ್ ಮುಂದೆ ನೀನು ಯಾರ ದಾರಿ ಕಾಯುತ್ತಿದ್ದೀಯ ಎಂದು ನನಗೆ ಗೊತ್ತು.

ನಿನ್ನಮ್ಮ, ನನ್ನ ಮಗಳು, ಹೊಲಿಗೆ ಅಂಗಡಿಯ ಕೆಲಸ ಮುಗಿಸಿ ಕತ್ತರಿಸುವ ಮೇಜಿನ ತುದಿಯಲ್ಲೇ ಅಲ್ಲಿನ ಕಂಪ್ಯೂಟರಿನಲ್ಲಿ, ಊರೂರಿನವರು ಸೇರಿ ಆಡುವ ಆ ಆಟ ಆಡುತ್ತಿದ್ದಳು. "ಸೂಜಿ ಹಿಡಿಯೋ ಕೈಗೆ ಕತ್ತಿ ಬೇರೆ ಕೇಡು" ಎಂದು ನಾನು ಹಂಗಿಸಿದರೆ, "ನೀನೂ ಬಾರಮ್ಮ, ಅಲ್ಲಿ ದರ್ಬಾರು ಮಾಡೋರು ಬೇಕಾಗಿದ್ದಾರೆ" ಎನ್ನುತ್ತಿದ್ದಳು. ಆಸ್ಪತ್ರೆಗೆ ಹೋಗುವ ಮುನ್ನ ಆಟದೊಳಗಿನ ತನ್ನ ಗೊಂಬೆಯನ್ನು ಬೆಟ್ಟದ ಗವಿಯಲ್ಲಿ ಬಿಟ್ಟು ಹೋದಳು. ಆಟ ನಿಲ್ಲಿಸಿದವರು ನಿಲ್ಲಿಸಿದ ಜಾಗದಲ್ಲೇ ಮಲಗಿರುತ್ತಾರಂತೆ. ಆಸ್ಪತ್ರೆಯಿಂದ ಅವಳು ತಿರುಗಿ ಬರಲಿಲ್ಲ.

ಬೆಟ್ಟವೇ ತಾಯಿ, ಅವಳು ಉಸಿರಾಡಿದ ದಿನ ಮಲಗಿದವರೆಲ್ಲ ಏಳುತ್ತಾರೆ ಎಂದು ಆಟದಲ್ಲಿ ನೀನು ಸೇರಿದ ಪಂಗಡ. ಅದು ಕಲ್ಲು, ಒಳಗಿರುವುದು ಕಬ್ಬಿಣ ಎಂದು ನಿನ್ನಣ್ಣನ ಗಣಿ ಪಂಗಡ. ಊಟಕ್ಕೆ ಕೂತರೂ ನಿಮ್ಮಿಬ್ಬರದು ಇದೇ ಜಗಳ. ಆಟ ತಾನೇ ಎಂದು ಸುಮ್ಮನಿದ್ದೆ. ಮೊನ್ನೆ ಅವನು ಅಂಗಡಿಗೆ ಓಡಿ ಬಂದ. "ಅಜ್ಜಿ, ನಮ್ಮೋರು ಇವತ್ತು ಗವಿ ಒಡೀತಾರೆ. ಬೇಡ ಅಂದ್ರೆ ಕೇಳ್ತಿಲ್ಲ. ಒಡೆದ್ರೆ ಒಳಗಿರೋರೆಲ್ಲ ಅಳಿಸಿಹೋಗ್ತಾರೆ. ಅಮ್ಮನೂ." ಕಲ್ಲು ಎನ್ನುತ್ತಿದ್ದವನು ಗೊಳೋ ಎಂದು ಅತ್ತ.

ನಿನ್ನಮ್ಮನ ಪಾಸ್‌ವರ್ಡ್ ನನಗೆ ಗೊತ್ತಿತ್ತು. ಅವಳು ಎಲ್ಲದಕ್ಕೂ ಇಡುತ್ತಿದ್ದದ್ದು ತನ್ನ ಹೊಲಿಗೆ ಯಂತ್ರದ ಮೇಲಿನ ನಂಬರನ್ನೇ.

ಅಂಗಡಿಯ ಕಂಪ್ಯೂಟರಿನಲ್ಲಿ ಅವಳ ಗೊಂಬೆಯನ್ನು ಎಬ್ಬಿಸಿದವಳು ನಾನು, ನೂಲುಂಡೆ. ಬೆಟ್ಟ ಉಸಿರಾಡಲಿಲ್ಲ. ಗವಿಯಿಂದ ಹೊರಟವಳು ಗೋಡೆಗೆ ಹಾಯ್ದು, ಮರಕ್ಕೆ ಹಾಯ್ದು, ಕೊನೆಗೆ ಹಿಂದುಹಿಂದಕ್ಕೆ ನಡೆಯುತ್ತ ಹೊಳೆಯ ದಂಡೆಗೆ ಬಂದಳಲ್ಲ, ನಿನ್ನಮ್ಮ ಹಾಗೆ ನಡೆಯುತ್ತಿದ್ದಳೇ? ಅಷ್ಟರಲ್ಲಿ ಪರದೆಯ ಮೇಲೆ ನಿನ್ನ ಮಾತು ಮೂಡಿತು: "ಅಮ್ಮಾ, ನೀನಾ?"

ಹೌದು ಎನ್ನಲು ಮನಸ್ಸು ಒಪ್ಪಲಿಲ್ಲ. ಅಲ್ಲ ಎನ್ನಲು ಬೆರಳು ಏಳಲಿಲ್ಲ. ಅವಳನ್ನು ದಂಡೆಯಲ್ಲೇ ಬಿಟ್ಟು ಕಂಪ್ಯೂಟರ್ ಆರಿಸಿಬಿಟ್ಟೆ.

ನಿನ್ನ ಪಂಗಡದವರು ಪವಾಡವೆಂದು ಕಹಳೆ ಊದುತ್ತಿದ್ದಾರಂತೆ. ಊದಲಿ. ಗವಿ ಒಡೆದುಹೋಗಿದೆ, ಒಳಗೆ ಕಬ್ಬಿಣವೇ ಸಿಕ್ಕಿತಂತೆ. ನಿನ್ನಣ್ಣನ ಮಾತು ನಿಜ. ಹಾಗಿದ್ದರೆ ಅವಳು ಗವಿಯ ಬಾಯಿ ದಾಟುವ ತನಕ ನನ್ನ ಎದೆ ಯಾಕೆ ಹಾಗೆ ಹೊಡೆದುಕೊಂಡಿತು? ಮಗುವಾಗಿದ್ದಾಗ ಜ್ವರದಲ್ಲಿ ಅವಳನ್ನು ಹೊತ್ತು ಓಡಿದಾಗಲೂ ಹೀಗೇ ಆಗಿತ್ತು. ಹೈಸ್ಕೂಲು ಓದಿದವಳು ನಾನು, ನಿಮ್ಮ ಎರಡು ಪಂಗಡದ ವಾದ ನನಗೆ ಬಗೆಹರಿಯದು. ಒಬ್ಬಳನ್ನು ಕಳೆದುಕೊಂಡಿದ್ದೇನೆ, ಇನ್ನೊಬ್ಬಳನ್ನು ಬಿಟ್ಟುಕೊಡಲಾರೆ. ನನಗೆ ತಿಳಿದದ್ದು ಅಷ್ಟೇ.

ನೀನು ಎಷ್ಟು ಕರೆದರೂ ಅವಳು ಬರುವುದಿಲ್ಲ, ಕಂದಾ. ನನ್ನನ್ನು ಕರೆ. ಬೈಯುತ್ತಲೇ ಬರುತ್ತೇನೆ, ಆದರೆ ಬರುತ್ತೇನೆ.

ನಿನ್ನ ಬಾಗಿಲ ಹೊರಗೆ ನೆಲದ ಮೇಲೆ ಕೂತು ಇದನ್ನು ಬರೆದೆ. ಮಂಡಿ ಹಿಡಿದುಕೊಂಡಿದೆ. ನಿನ್ನಣ್ಣ ಕೈ ಕೊಡಲು ಬಂದ, ಬೇಡವೆಂದೆ. ನೀನು ಬಂದು ಎಬ್ಬಿಸುವ ತನಕ ನಾನು ಏಳುವವಳಲ್ಲ.

ನೂರು ಕಾಲ ಬಾಳು. ಮೊದಲು ಚಿಲಕ ತೆಗೆ.

ನಿನ್ನ ಅಜ್ಜಿ