ಮೂರು ಸೆಕೆಂಡಿನ ಬೂದು ಸಾಲು

ತದಡಿ, ಫೆಬ್ರವರಿ ಮೂವತ್ತು, ೨೨೧೭

ಇವತ್ತು ತಂತ್ರಾಂಶ ಬರೆಯುತ್ತಿರುವವರಿಗೆ,

ಈ ತಾರೀಕು ನಿಮ್ಮ ಕ್ಯಾಲೆಂಡರಿನಲ್ಲಿ ಸಿಗದು. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ನನ್ನ ಕೆಲವು ಮಾತುಗಳೂ ವಿಚಿತ್ರವೆನಿಸಬಹುದು, ಮನ್ನಿಸಿ. ನಾನು ಲೀಲಾವತಿ ಅಂಬಿಗ. ನಮ್ಮ ಊರು ಕುಡಿಯುವುದು ಕಡಲನ್ನೇ. ಉಪ್ಪುಜರಡಿ ಎಂಬ ಯಂತ್ರ ಉಪ್ಪನ್ನು ಸೋಸಿ ನೀರನ್ನು ಮನೆಮನೆಯ ನಲ್ಲಿಗೆ ಕಳಿಸುತ್ತದೆ. ವಾರಕ್ಕೊಮ್ಮೆ ಆ ಜರಡಿಯನ್ನು ಚರ್ಮ ಸುಡುವಂಥ ದ್ರಾವಣದಿಂದ ತೊಳೆಯುತ್ತಾರೆ. ಆಗ ಊರಿನ ಕೊಳವೆ ಮುಚ್ಚಿರಲೇಬೇಕು. ಹನ್ನೊಂದು ವರ್ಷದಿಂದ ಅದನ್ನು ನೋಡಿಕೊಳ್ಳುತ್ತಿದ್ದವನು ವೆಂಕಟ್ರಮಣ ಖಾರ್ವಿ.

ಹೋದ ವರ್ಷ ಒಂದು ಬೆಳಿಗ್ಗೆ ಕೊಳವೆ ಮುಚ್ಚಿಕೊಳ್ಳಲಿಲ್ಲ. ಶಾಲೆಗೆ ಹೊರಟಿದ್ದ ನನ್ನ ಮಗಳು ಶರಾವತಿ ನಿಂತಲ್ಲೇ ಒಂದು ಲೋಟ ನೀರು ಗಟಗಟನೆ ಕುಡಿದಳು. ಗಂಟಲು ಸುಟ್ಟು ನಾಲ್ಕು ತಿಂಗಳು ಅವಳಿಗೆ ದನಿ ಹೊರಡಲಿಲ್ಲ.

ಯಂತ್ರ ಎಚ್ಚರಿಕೆ ಕೊಟ್ಟಿತ್ತು, ವೆಂಕಟ್ರಮಣ ನೋಡಲಿಲ್ಲ ಎಂದರು ಜರಡಿ ನಡೆಸುವ ಕಂಪನಿಯವರು. "ಎಂತದೋ ಬಂದಂಗಾಯ್ತು, ಓದೂಕೆ ಮೊದ್ಲೇ ಹೋಯ್ತು," ಎಂದ ಅವನು. ಯಾರೂ ನಂಬಲಿಲ್ಲ. ನಿದ್ದೆ ಹೊಡೆಯುತ್ತಿದ್ದನೇನೋ ಎಂದು ನಾನೂ ಅಂದುಕೊಂಡೆ. ಅವನನ್ನು ಕೆಲಸದಿಂದ ತೆಗೆಯಿರೆಂಬ ಅರ್ಜಿಯಲ್ಲಿ ಮೊದಲ ಸಹಿ ನನ್ನದು.

ಅವನ ಕೆಲಸ ಹೋಯಿತು, ನನ್ನ ಅನುಮಾನ ಹೋಗಲಿಲ್ಲ. ಕಂಪನಿಯ ಉತ್ತರ ತೀರ ಬೇಗ, ತೀರ ನಯವಾಗಿ ಬಂದಿತ್ತು. ಜರಡಿಮನೆಗೆ ಹೋಗಿ, ಆ ಎಚ್ಚರಿಕೆಯನ್ನು ನನಗೂ ತೋರಿಸಿ ಎಂದು ಹಟ ಹಿಡಿದೆ. ಪರದೆಯೆದುರು ಕೂತೆ.

"ಬಂದು ಹೋಯ್ತಲ್ರಾ ಅಕ್ಕ," ಎಂದ ಅಲ್ಲಿನ ಎಂಜಿನಿಯರ್.

ನನಗೇನೂ ಕಂಡಿರಲಿಲ್ಲ. ಮತ್ತೊಮ್ಮೆ ತೋರಿಸಿದ. ಮೂಲೆಯಲ್ಲಿ, ಬೂದು ಬಣ್ಣದ ಮೇಲೆ ಬೂದು ಅಕ್ಷರ: "ಏನೋ ತಪ್ಪಾಗಿದೆ. ದೋಷ ೪೦೭೧." ಮೂರು ಸೆಕೆಂಡು, ಅಷ್ಟೇ. ಏನು ತಪ್ಪಾಗಿದೆ, ಏನು ಮಾಡಬೇಕು, ಒಂದೂ ಇಲ್ಲ. ಇಷ್ಟು ಮಸುಕೇಕೆ ಎಂದು ಕೇಳಿದೆ. ಅವನು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ: "ಮೊದ್ಲು ಕೆಂಪಿತ್ತು. ನೋಡೂಕೆ ಬಂದವ್ರು ಹೆದರ್ತಾರೆ ಅಂತ ಮೇಲಿನವ್ರು ಬದಲಾಯ್ಸಿದ್ರು."

ಆ ಸಾಲನ್ನು ಅಕ್ಷರ ಬಿಡದೆ ಬರೆದುಕೊಂಡೆ.

ಆ ಸಾಲು ಬದಲಾಗಲು ಆರು ತಿಂಗಳು ಜಗಳವಾಡಬೇಕಾಯಿತು. ಈಗ ಅದು ಇಡೀ ಪರದೆಯನ್ನು ತುಂಬುತ್ತದೆ: "ಊರಿನ ಕೊಳವೆ ಮುಚ್ಚಿಲ್ಲ. ನೀರಿನಲ್ಲಿ ವಿಷವಿದೆ. ಎಡಗಡೆಯ ಹಿಡಿಯನ್ನು ಕೈಯಿಂದ ತಿರುಗಿಸಿ." ತಿರುಗಿಸುವ ತನಕ ಅಳಿಯುವುದಿಲ್ಲ, ಕೂಗುವುದನ್ನೂ ನಿಲ್ಲಿಸುವುದಿಲ್ಲ.

ವೆಂಕಟ್ರಮಣನ ಮನೆಗೆ ಹೋಗಿ ತಪ್ಪಾಯಿತೆಂದೆ. ಬಲೆ ಹೆಣೆಯುತ್ತಿದ್ದವನು ತಲೆಯೆತ್ತದೆ, "ಅರ್ಜಿ ಓದಿದ್ದೆ ಅಕ್ಕ. ನಿಮ್ಮ ಸಹಿ ಮಾತ್ರ ಸ್ಪಷ್ಟ ಕಾಣ್ತಿತ್ತು," ಎಂದ. ಕರೆದರೂ ಅವನು ಕೆಲಸಕ್ಕೆ ಮರಳಲಿಲ್ಲ.

ಶರಾವತಿ ಈಗ ಮಾತಾಡುತ್ತಾಳೆ, ಒಡಕು ದನಿಯಲ್ಲಿ.

ನನ್ನದೊಂದು ಕೋರಿಕೆ. ನೀವು ಬರೆದ ಎಚ್ಚರಿಕೆಯನ್ನು ಪಕ್ಕದ ಮೇಜಿನವರಿಗಲ್ಲ, ಪಾಳಿ ಮುಗಿಸಿ ದಣಿದ ಅಪರಿಚಿತರೊಬ್ಬರಿಗೆ ತೋರಿಸಿ. ಅವರಿಗೆ ಕಾಣದಿದ್ದರೆ ಅವರ ಕಣ್ಣನ್ನು ದೂರಬೇಡಿ. ನೀವು ಒಪ್ಪುತ್ತೀರೆಂದು ನನಗೇನೂ ಪೂರ್ತಿ ನಂಬಿಕೆಯಿಲ್ಲ. ಇಂಥ ಬೂದು ಸಾಲು ಬರೆಯುವ ಚಾಳಿ ನಮ್ಮ ಕಾಲದಲ್ಲಿ ಹುಟ್ಟಿದ್ದಲ್ಲ; ನಿಮ್ಮಿಂದಲೇ ಬಂದದ್ದು.

ಲೀಲಾವತಿ ಅಂಬಿಗ